ನೀಲಗಿರಿಯ ಹಕ್ಕಲು: ರಾಬರ್ಟ್ ವೈಟ್‌ನ ಜೀವನ ಮತ್ತು ಕೃತಿಗಳು

ನೀಲಗಿರಿ ಎಂಬ ಮಾತು ಇಂದಿನ ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಒಂದು, ಗುಂಡ್ಲುಪೇಟೆಯ ಆಚೆಗೆ ಎದ್ದು ನಿಂತಿರುವ ಪರ್ವತಶ್ರೇಣಿ. ಮತ್ತೊಂದು, ಬಯಲುಸೀಮೆಯ ಹೊಲಗಳಂಚಿನಲ್ಲಿ ಸಾಲುಸಾಲಾಗಿ ಬೆಳೆದಿರುವ ಯೂಕಲಿಪ್ಟಸ್ ಮರ. ಈ ಮರ ಆ ಪರ್ವತದ್ದಲ್ಲ. ಅದು ಆಸ್ಟ್ರೇಲಿಯಾದಿಂದ ಬಂದದ್ದು. 1843ರ ಸುಮಾರಿಗೆ ನೀಲಗಿರಿಯಲ್ಲಿ ನೆಡಲ್ಪಟ್ಟು, ಅಲ್ಲಿಂದ ಕೆಳಗಿಳಿದು, ಬೆಟ್ಟದ ಹೆಸರನ್ನೇ ತನ್ನದಾಗಿಸಿಕೊಂಡಿತು. ಆ ಬೆಟ್ಟದಲ್ಲೇ ಹುಟ್ಟಿ, ಬೇರೆಲ್ಲಿಯೂ ಬೆಳೆಯದ ಗಿಡಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಶಿಷ್ಟ ಕನ್ನಡದಲ್ಲಿ ಒಂದು ಹೆಸರೂ ಇಲ್ಲ. ಹೊರಗಿನಿಂದ ಬಂದದ್ದಕ್ಕೆ ನಾಡಿನ ಹೆಸರು ದಕ್ಕಿ, ನಾಡಿನದು ಹೆಸರಿಲ್ಲದೆ ಉಳಿಯುವ ಈ ವಿಪರ್ಯಾಸವು ಭಾಷೆಯ ವಿದ್ಯಾರ್ಥಿಗಳಾದ ನಮ್ಮನ್ನು ಚಿಂತನೆಗೆ ಹಚ್ಚಬೇಕಾದ ಸಂಗತಿಯಾಗಿದೆ.

ಕೆಲವು ವರ್ಷಗಳ ಹಿಂದೆ ಚೆನ್ನೈಯ ಹಳೆಯ ಗ್ರಂಥಸಂಗ್ರಹವೊಂದರಲ್ಲಿ ಹೊಲಿಗೆ ಸಡಿಲಿದ ಒಂದು ಸಂಪುಟವನ್ನು ನೋಡುವ ಅವಕಾಶ ನನಗೆ ಒದಗಿತು. ಪುಟಗಳ ಅಂಚು ಕಂದಿತ್ತು, ಮೂಲೆಗಳು ಬೆರಳಿನ ಬಳಕೆಯಿಂದ ಮಾಸಿದ್ದವು. ಕೆಲವು ಚಿತ್ರಫಲಕಗಳ ಪಕ್ಕದಲ್ಲಿ ಯಾರೋ ಸೀಸದ ಕಡ್ಡಿಯಿಂದ ಊರಿನ ಹೆಸರನ್ನೂ ತಿಂಗಳನ್ನೂ ಗುರುತು ಮಾಡಿದ್ದರು. ಪುಸ್ತಕವನ್ನು ಕಪಾಟಿನಲ್ಲಿರಿಸಿ ಕಾಪಾಡಿದವರ ಗುರುತುಗಳಲ್ಲ ಅವು. ಕೈಯಲ್ಲಿ ಹಿಡಿದು ಬೆಟ್ಟ ಹತ್ತಿದವರದು. ಅದು ‘ಸ್ಪಿಸಿಲೇಜಿಯಂ ನೀಲ್‌ಘೆರೆನ್ಸೆ’ ಎಂಬ ಲ್ಯಾಟಿನ್ ಹೆಸರಿನ ಕೃತಿ. 1846ರಿಂದ 1851ರವರೆಗೆ ಎರಡು ಸಂಪುಟಗಳಲ್ಲಿ ಮದರಾಸಿನಲ್ಲಿ ಪ್ರಕಟವಾದದ್ದು. ನೀಲಗಿರಿಯ ಸಸ್ಯಗಳನ್ನು ಬಣ್ಣದ ಚಿತ್ರಗಳೊಡನೆ ಪರಿಚಯಿಸುವಂಥದು. ಸ್ಪಿಸಿಲೇಜಿಯಂ ಎಂದರೆ ಕುಯಿಲು ಮುಗಿದ ಹೊಲದಲ್ಲಿ ಉಳಿದ ತೆನೆಗಳನ್ನು ಆಯ್ದು ಕೂಡಿಸುವುದು. ನಮ್ಮ ರೈತರ ಬಾಯಲ್ಲಿ ಇದಕ್ಕೆ ಹಕ್ಕಲು ಎಂಬ ಸೊಗಸಾದ ಮಾತಿದೆ. ಈ ನೀಲಗಿರಿಯ ಹಕ್ಕಲನ್ನು ಆಯ್ದವನು ರಾಬರ್ಟ್ ವೈಟ್. ದಕ್ಷಿಣ ಭಾರತದ ಸಸ್ಯಗಳ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಈತ ಪ್ರಮುಖ. ಈತನ ಜೀವನವನ್ನೂ, ಆ ಜೀವನದೊಡನೆ ಬೆಸೆದುಕೊಂಡಿದ್ದ ಇಬ್ಬರು ಭಾರತೀಯ ಚಿತ್ರಕಾರರ ದುಡಿಮೆಯನ್ನೂ ಸ್ಥೂಲವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಬರ್ಟ್ ವೈಟ್ ಹುಟ್ಟಿದ್ದು 1796ರ ಜುಲೈ 6ರಂದು, ಸ್ಕಾಟ್ಲೆಂಡಿನ ಪೂರ್ವ ಲೋಥಿಯನ್ ಪ್ರಾಂತದ ಮಿಲ್ಟನ್ ಎಂಬಲ್ಲಿ. ತಂದೆ ಎಡಿನ್‌ಬರೊ ನಗರದಲ್ಲಿ ನ್ಯಾಯವಾದಿ. ಮಕ್ಕಳು ಬಹಳವಿದ್ದ ದೊಡ್ಡ ಸಂಸಾರ. ಎಡಿನ್‌ಬರೊದ ಪ್ರೌಢಶಾಲೆಯಲ್ಲಿ ಓದಿದ ಮೇಲೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಕಲಿತು 1818ರಲ್ಲಿ ಪದವಿ ಪಡೆದ. ಆ ಕಾಲದಲ್ಲಿ ಔಷಧಗಳು ಬಹುಪಾಲು ಗಿಡಮೂಲಿಕೆಗಳೇ ಆಗಿದ್ದುದರಿಂದ ವೈದ್ಯವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರವು ಅವಶ್ಯಕ ವಿಷಯವಾಗಿತ್ತು. ಎಡಿನ್‌ಬರೊದಲ್ಲಿ ಅದನ್ನು ಬೋಧಿಸುತ್ತಿದ್ದವನು ಡೇನಿಯಲ್ ರುದರ್‌ಫರ್ಡ್. ಸಾರಜನಕವನ್ನು ಕಂಡುಹಿಡಿದವನೆಂದು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧನಾದವನೇ ಈತ. ಹೀಗೆ ಇಂಡಿಯಾಕ್ಕೆ ಬಂದ ಕಂಪನಿಯ ವೈದ್ಯರಲ್ಲಿ ಹಲವರು ಸಸ್ಯಶಾಸ್ತ್ರಜ್ಞರೂ ಆದದ್ದು ಆಕಸ್ಮಿಕವಲ್ಲ. ಅವರ ಶಿಕ್ಷಣದಲ್ಲೇ ಅದರ ಬೀಜವಿತ್ತು.

1819ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ, ವೈಟ್ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಿ ಮದರಾಸಿಗೆ ಬಂದಿಳಿದ. ಸೈನ್ಯದ ತುಕಡಿಗಳೊಡನೆ ಮದರಾಸು ಆಧಿಪತ್ಯದ ಬೇರೆಬೇರೆ ಠಾಣ್ಯಗಳಲ್ಲಿ ಕೆಲಸ ಮಾಡಿದ. ಈ ನಾಡಿನ ಸಸ್ಯಗಳನ್ನು ಪಾಶ್ಚಾತ್ಯ ಕ್ರಮದಲ್ಲಿ ಅಭ್ಯಸಿಸಿದವರ ಒಂದು ಪರಂಪರೆ ಅಷ್ಟರಲ್ಲಾಗಲೇ ಬೆಳೆದು ಬಂದಿತ್ತು. ತರಂಗಂಬಾಡಿಯ ಡೇನಿಷ್ ಮಿಷನ್ನಿನ ಸಂಪರ್ಕದಲ್ಲಿದ್ದ ಕೋನಿಗ್ ಮತ್ತು ರಾಟ್ಲರ್, ಕೋರಮಂಡಲ ತೀರದ ಗಿಡಗಳನ್ನು ವರ್ಣಿಸಿದ ರಾಕ್ಸ್‌ಬರ್ಗ್, ಟಿಪ್ಪುವಿನ ಪತನಾನಂತರ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ನೋಡಿಕೊಂಡ ಬೆಂಜಮಿನ್ ಹೈನ್ ಮೊದಲಾದವರು ವೈಟ್‌ಗಿಂತ ಹಿಂದಿನವರು. ಆದರೆ ಅವರ ಸಂಗ್ರಹಗಳೂ ಬರಹಗಳೂ ಚದರಿ ಹೋಗಿದ್ದವು. ಒಳನಾಡಿನ ಒಂದು ಠಾಣ್ಯದಲ್ಲಿ ಕುಳಿತ ವೈದ್ಯನೊಬ್ಬ ತನ್ನ ಮುಂದಿರುವ ಗಿಡ ಯಾವುದೆಂದು ತಿಳಿಯಬೇಕಾದರೆ ಅವನಿಗೆ ನೆರವಾಗುವ ಒಂದೇ ಒಂದು ಕೈಹೊತ್ತಿಗೆಯೂ ಇರಲಿಲ್ಲ. ಈ ಕೊರತೆಯನ್ನು ಯುವಕ ವೈಟ್ ಸ್ವತಃ ಅನುಭವಿಸಿದ. ಆತನ ಮುಂದಿನ ಮೂವತ್ತು ವರ್ಷಗಳ ದುಡಿಮೆಯನ್ನು ಈ ಕೊರತೆಗೆ ಕೊಟ್ಟ ಉತ್ತರವೆಂದೇ ತಿಳಿಯಬಹುದು.

ಆರಂಭವು ಮಂಗಳಕರವಾಗಿರಲಿಲ್ಲ. ಬಹು ಶ್ರಮದಿಂದ ಕೂಡಿಸಿ ಎಡಿನ್‌ಬರೊಗೆ ಕಳುಹಿಸಿದ ಮೊದಲ ಸಸ್ಯಸಂಗ್ರಹವು ಹಡಗು ಒಡೆದು ಸಮುದ್ರದ ಪಾಲಾಯಿತು. ಆದರೂ ಆತ ಎದೆಗುಂದಲಿಲ್ಲ. 1826ರಲ್ಲಿ, ಷೂಟರ್ ಎಂಬವನ ತರುವಾಯ, ಮದರಾಸು ಸರಕಾರದ ಪ್ರಕೃತಿವಿಜ್ಞಾನಿಯ ಹುದ್ದೆ ಆತನಿಗೆ ದೊರೆಯಿತು. ಈ ಅವಧಿಯಲ್ಲಿ ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿಯೂ ಬೆಟ್ಟಗಳಲ್ಲಿಯೂ ದೀರ್ಘವಾದ ಪ್ರವಾಸ ಮಾಡಿ ಬೃಹತ್ತಾದ ಸಂಗ್ರಹವನ್ನು ಕಟ್ಟಿದ. ಎರಡೇ ವರ್ಷಗಳಲ್ಲಿ, 1828ರಲ್ಲಿ, ಗವರ್ನರ್ ಲಷಿಂಗ್ಟನ್‌ನ ಆಡಳಿತವು ಮಿತವ್ಯಯದ ನೆಪದಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿತು. ಸರಕಾರದ ಸಂಗ್ರಹವು ಲಂಡನ್ನಿಗೆ ಹೋಯಿತು. ವೈಟ್ ಮತ್ತೆ ವೈದ್ಯನಾಗಿ ನಾಗಪಟ್ಟಣದ ಸೈನಿಕ ಠಾಣ್ಯಕ್ಕೆ ಹೋದ.

ಆತನ ವ್ಯಕ್ತಿತ್ವದ ನಿಜವಾದ ಪರೀಕ್ಷೆ ನಡೆದದ್ದು ಇಲ್ಲಿ. ಸರಕಾರದ ಆಶ್ರಯ ತಪ್ಪಿದ ಮೇಲೆ ಕೆಲಸವನ್ನು ಕೈಬಿಡುವುದು ಸುಲಭವಾಗಿತ್ತು. ಹಾಗೆ ಮಾಡದೆ, ವೈಟ್ ತನ್ನ ಸಂಬಳದಿಂದಲೇ ಸ್ಥಳೀಯ ಸಂಗ್ರಾಹಕರನ್ನು ನೇಮಿಸಿಕೊಂಡು ಕಾಡುಮೇಡುಗಳಿಗೆ ಕಳುಹಿಸಿದ. ಅವರು ತಂದ ಗಿಡಗಳನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಗುರುತು ಹಚ್ಚಿ, ಕಟ್ಟುಗಳನ್ನಾಗಿ ಮಾಡಿಡುವುದು ನಿತ್ಯದ ಕೆಲಸವಾಯಿತು. ನಮ್ಮ ತೇವದ ಹವೆಯಲ್ಲಿ ಬೂಸಲು, ಗೆದ್ದಲು, ಹುಳುಗಳಿಂದ ಒಣಗಿದ ಎಲೆಯನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದನ್ನು ಓಲೆಗರಿಯ ಕಟ್ಟುಗಳನ್ನು ಕಂಡವರು ಸುಲಭವಾಗಿ ಊಹಿಸಬಲ್ಲರು. ಹಸ್ತಪ್ರತಿ ಸಂರಕ್ಷಣೆಗೂ ಸಸ್ಯ ಸಂರಕ್ಷಣೆಗೂ ಶತ್ರುಗಳು ಒಂದೇ. ಇದೇ ಕಾಲದಲ್ಲಿ ಗ್ಲಾಸ್ಗೊದ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್‌ನೊಡನೆ ಪತ್ರವ್ಯವಹಾರ ಆರಂಭವಾಯಿತು. ವೈಟ್ ಕಳುಹಿಸಿದ ಗಿಡಗಳೂ ಚಿತ್ರಗಳೂ ಹೂಕರ್‌ನ ಪ್ರಕಟಣೆಗಳಲ್ಲಿ ಬೆಳಕು ಕಂಡವು.

1831ರಲ್ಲಿ ದೀರ್ಘ ರಜೆಯ ಮೇಲೆ ವೈಟ್ ಸ್ವದೇಶಕ್ಕೆ ಮರಳಿದಾಗ ಆತನೊಂದಿಗೆ ಸುಮಾರು ಒಂದು ಲಕ್ಷ ಒಣಸಸ್ಯಗಳ ಮಾದರಿಗಳಿದ್ದವು. ಅವುಗಳ ತೂಕವೇ ಎರಡು ಟನ್ನಿನಷ್ಟು. ರಜೆಯ ಮೂರು ವರ್ಷಗಳು ವಿಶ್ರಾಂತಿಗೆ ಸಲ್ಲಲಿಲ್ಲ. ಸ್ಕಾಟ್ಲೆಂಡಿನ ಜಾರ್ಜ್ ವಾಕರ್ ಅರ್ನಾಟ್ ಎಂಬ ಸಸ್ಯಶಾಸ್ತ್ರಜ್ಞನೊಡಗೂಡಿ ಆತ ಈ ರಾಶಿಯನ್ನು ವಿಂಗಡಿಸಿದ. ಹೆಚ್ಚಿನ ಪ್ರತಿಗಳನ್ನು ಯೂರೋಪಿನ ವಿದ್ವಾಂಸರಿಗೆ ಹಂಚಿದ. 1834ರಲ್ಲಿ ಇಬ್ಬರೂ ಸೇರಿ ‘ಪ್ರೊಡ್ರೊಮಸ್’ ಎಂಬ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದರು. ಪ್ರೊಡ್ರೊಮಸ್ ಎಂದರೆ ಮುಂಚೂಣಿಯ ದೂತ. ಮುಂಬರುವ ದೊಡ್ಡ ಗ್ರಂಥಕ್ಕೆ ಪೀಠಿಕೆ ಎಂಬ ಅರ್ಥ. ಎರಡನೆಯ ಸಂಪುಟ ಹೊರಬರಲೇ ಇಲ್ಲ. ಆದರೂ ಭಾರತ ಪರ್ಯಾಯದ್ವೀಪದ ಸಸ್ಯಗಳನ್ನು ಕುರಿತ ವ್ಯವಸ್ಥಿತ ಕೃತಿಗಳಲ್ಲಿ ಅದಕ್ಕೆ ಮಹತ್ತ್ವದ ಸ್ಥಾನವಿದೆ.

ಅದರ ಮಹತ್ತ್ವವು ವರ್ಗೀಕರಣದ ಕ್ರಮದಲ್ಲಿದೆ. ಅದುವರೆಗೆ ಇಂಡಿಯಾದಲ್ಲಿ ರಚಿತವಾದ ಸಸ್ಯಗ್ರಂಥಗಳು ಸಾಮಾನ್ಯವಾಗಿ ಲಿನೇಯಸ್‌ನ ಪದ್ಧತಿಯನ್ನು ಅನುಸರಿಸುತ್ತಿದ್ದವು. ಹೂವಿನ ಕೇಸರಗಳನ್ನು ಎಣಿಸಿ ಗಿಡವನ್ನು ಒಂದು ಗುಂಪಿಗೆ ಸೇರಿಸುವ ಸುಲಭ ವಿಧಾನ ಅದು. ಆದರೆ ಎಣಿಕೆ ಒಂದೇ ಆದ ಮಾತ್ರಕ್ಕೆ ಬಂಧುತ್ವವಿರಬೇಕೆಂದಿಲ್ಲ. ವೈಟ್ ಮತ್ತು ಅರ್ನಾಟ್ ಸ್ವಾಭಾವಿಕ ವರ್ಗೀಕರಣವನ್ನು ಆರಿಸಿಕೊಂಡರು. ಗಿಡದ ಎಲ್ಲ ಅಂಗಗಳ ಲಕ್ಷಣಗಳನ್ನೂ ಒಟ್ಟಿಗೆ ನೋಡಿ ಕುಟುಂಬಗಳನ್ನು ನಿರ್ಣಯಿಸುವ ಕ್ರಮವಿದು. ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೂ ಧಾತುಗಳ ಸಂಬಂಧವನ್ನು ಹಿಡಿದು ಜ್ಞಾತಿಪದಗಳನ್ನು ಕೂಡಿಸುವುದಕ್ಕೂ ಇರುವ ಅಂತರವನ್ನು ನೆನೆದರೆ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಈ ಇಬ್ಬರ ಹೆಸರು ನಮ್ಮ ಪರಿಚಿತ ಗಿಡಮರಗಳ ಶಾಸ್ತ್ರೀಯ ನಾಮಗಳಲ್ಲಿ ಇಂದಿಗೂ ಉಳಿದಿದೆ. ಕಾವೇರಿಯ ದಡದಲ್ಲಿ ಬಿಳಿಯ ತೊಗಟೆಯಿಂದ ಎದ್ದು ಕಾಣುವ ಹೊಳೆಮತ್ತಿಯ ಶಾಸ್ತ್ರೀಯ ನಾಮದ ಕೊನೆಯಲ್ಲಿ ವೈಟ್ ಮತ್ತು ಅರ್ನಾಟರ ಹೆಸರು ಬರುತ್ತದೆ. ಉಪ್ಪಿನಕಾಯಿಗೆ ಬಳಸುವ, ವಿಶಿಷ್ಟವಾದ ಗಂಧವುಳ್ಳ ಮಾಕಳಿ ಬೇರಿನ ಗಿಡವನ್ನು ಶಾಸ್ತ್ರಲೋಕಕ್ಕೆ ಮೊದಲು ಪರಿಚಯಿಸಿದವರು ಇವರೇ. ಉತ್ತರ ಕರ್ನಾಟಕದ ವೀರಭದ್ರ ಆರಾಧನೆಯಲ್ಲಿ ಹೆಸರಾದ ಗುಗ್ಗುಳದ ಗಿಡಕ್ಕೆ ಅರ್ನಾಟ್ 1839ರಲ್ಲಿ ತನ್ನ ಮಿತ್ರ ವೈಟ್‌ನ ಹೆಸರನ್ನೇ ಇಟ್ಟ. ಅದು ಇಂದು ಕಾಮಿಫೊರಾ ವೈಟಿಯೈ ಎಂದು ಕರೆಯಲ್ಪಡುತ್ತದೆ. ಅಂಟಿಗಾಗಿ ಅತಿಯಾಗಿ ಗಾಯ ಮಾಡಿದ್ದರ ಫಲವಾಗಿ ಈ ಗಿಡವು ವಿನಾಶದ ಅಂಚಿನಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಮಾಕಳಿಯೂ ಬೇರುಸಹಿತ ಅಗೆಯಲ್ಪಟ್ಟು ನಮ್ಮ ಬೆಟ್ಟಗಳಲ್ಲಿ ವಿರಳವಾಗುತ್ತಿದೆ.

1834ರಲ್ಲಿ ಇಂಡಿಯಾಕ್ಕೆ ಮರಳಿದ ವೈಟ್‌ನನ್ನು ಬಳ್ಳಾರಿಯಲ್ಲಿ ಬೀಡುಬಿಟ್ಟಿದ್ದ ಸೈನ್ಯದ ತುಕಡಿಗೆ ವೈದ್ಯನನ್ನಾಗಿ ನೇಮಿಸಲಾಯಿತು. ಬಳ್ಳಾರಿ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆ. ಕನ್ನಡ ನೆಲದೊಡನೆ ಆತನ ನೇರ ಸಂಬಂಧ ಇದು. ಅಲ್ಲಿಂದ ತುಕಡಿಯು ದಕ್ಷಿಣದ ತುದಿಯಲ್ಲಿರುವ ಪಾಳಯಂಕೋಟೆಗೆ ಸಾಗಿತು. ಏಳುನೂರು ಮೈಲಿಗಳಿಗೂ ಮಿಗಿಲಾದ ಹಾದಿ. ಸೈನಿಕರಿಗೆ ಆಯಾಸದ ನಡೆಯಾಗಿದ್ದ ಈ ಪ್ರಯಾಣವು ವೈಟ್‌ಗೆ ಬಯಲು, ಕಣಿವೆ, ಗುಡ್ಡಗಳ ಸಸ್ಯರಾಶಿಯನ್ನು ಒಂದೇ ಓಟದಲ್ಲಿ ಹೋಲಿಸಿ ನೋಡುವ ಅವಕಾಶವಾಯಿತು.

1836ರಲ್ಲಿ ಆತನನ್ನು ಕಂದಾಯ ಇಲಾಖೆಗೆ ವರ್ಗಾಯಿಸಿ, ವ್ಯವಸಾಯ ಮತ್ತು ವಾಣಿಜ್ಯ ಬೆಳೆಗಳ ಬಗ್ಗೆ ವರದಿ ಮಾಡುವ ಕೆಲಸವನ್ನು ಒಪ್ಪಿಸಲಾಯಿತು. ಮದರಾಸಿನಲ್ಲಿ ನೆಲೆನಿಂತ ಈ ವರ್ಷಗಳೇ ಆತನ ಪ್ರಕಟಣೆಯ ಉತ್ಕರ್ಷಕಾಲ. 1838ರಲ್ಲಿ ಮದರಾಸಿನ ವೈದ್ಯಾಧಿಕಾರಿಯೊಬ್ಬನ ಮಗಳಾದ ರೋಸಾ ಎಂಬಾಕೆಯನ್ನು ವಿವಾಹವಾದ. ಅದೇ ವರ್ಷ ಎರಡು ಸಚಿತ್ರ ಗ್ರಂಥಮಾಲೆಗಳು ಆರಂಭವಾದವು. ಬಣ್ಣದ ಚಿತ್ರಗಳೊಡನೆ ಸಸ್ಯಕುಟುಂಬಗಳನ್ನು ವಿವರಿಸುವ ‘ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಬಾಟನಿ’ 1850ರವರೆಗೆ ನಡೆಯಿತು. ಕಪ್ಪುಬಿಳುಪಿನ ರೇಖಾಚಿತ್ರಗಳ ‘ಐಕೊನೆಸ್’ 1853ರಲ್ಲಿ ಮುಗಿದಾಗ ಅದರಲ್ಲಿ ಆರು ಸಂಪುಟಗಳೂ 2101 ಫಲಕಗಳೂ ಇದ್ದವು. ಸರಕಾರವು ಐವತ್ತು ಪ್ರತಿಗಳಿಗೆ ಚಂದಾ ಕೊಟ್ಟಿತೇ ಹೊರತು ಉಳಿದ ಹೊಣೆಯೆಲ್ಲ ವೈಟ್‌ನದೇ ಆಗಿತ್ತು.

ಈ ಚಿತ್ರಗಳು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆಮಾಡಿ, ಶಾಯಿ ಸವರಿ ಕಾಗದಕ್ಕೆ ಒತ್ತುವ ವಿಧಾನವಿದು. ಜಿಡ್ಡಿನ ರೇಖೆ ಶಾಯಿಯನ್ನು ಹಿಡಿಯುತ್ತದೆ, ಒದ್ದೆಯ ಕಲ್ಲು ಬಿಡುತ್ತದೆ. ಮದರಾಸಿನ ಸೆಕೆಯಲ್ಲಿ ಈ ತಂತ್ರವನ್ನು ಹದಕ್ಕೆ ತರುವುದು ಸುಲಭವಾಗಿರಲಿಲ್ಲ. ವೈಟ್ ತಾನೇ ಅದನ್ನು ಕಲಿತು ಕೆಲಸ ನಡೆಸಿದ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿಯೇ ಹೊರಬಂದಿತೆಂಬುದನ್ನು ಇಲ್ಲಿ ನೆನೆಯಬಹುದು. ಒಂದೇ ದಶಕದಲ್ಲಿ, ಒಂದೇ ತಂತ್ರದಿಂದ, ಪಶ್ಚಿಮ ತೀರದಲ್ಲಿ ಕನ್ನಡ ಸುದ್ದಿಯೂ ಪೂರ್ವ ತೀರದಲ್ಲಿ ದಕ್ಷಿಣದ ಹೂಗಿಡಗಳೂ ಕಾಗದಕ್ಕೆ ಇಳಿದವು.

ವೈಟ್ ಕಂಪನಿಯ ನೌಕರ ಎಂಬುದನ್ನು ಮರೆತು ಆತನ ಜೀವನವನ್ನು ಬರೆಯುವುದು ಸರಿಯಾಗಲಾರದು. ಸಸ್ಯಜ್ಞಾನದಲ್ಲಿ ಕಂಪನಿಗಿದ್ದ ಆಸಕ್ತಿ ಮುಖ್ಯವಾಗಿ ಲಾಭದ ಆಸಕ್ತಿ. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದಕ್ಕಾಗಿ ಅಮೆರಿಕದ ಮೇಲೆ ಅವಲಂಬಿಸುವುದು ಅವುಗಳ ಒಡೆಯರಿಗೆ ಇಷ್ಟವಿರಲಿಲ್ಲ. 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆತರಲಾಯಿತು. 1842ರಿಂದ ಕೊಯಮತ್ತೂರಿನ ಪ್ರಾಯೋಗಿಕ ಕ್ಷೇತ್ರಗಳ ಮೇಲ್ವಿಚಾರಣೆ ವೈಟ್‌ನ ಪಾಲಿಗೆ ಬಂತು. ಹನ್ನೊಂದು ವರ್ಷ ಆತ ಈ ಕೆಲಸದಲ್ಲಿ ತೊಡಗಿದ್ದ. ಪ್ರಯೋಗಕ್ಷೇತ್ರದಲ್ಲಿ ಬೆಳೆದದ್ದು ರೈತನ ಹೊಲದಲ್ಲಿ ಲಾಭದಾಯಕವಾಗಲಿಲ್ಲ. ಮಳೆಯ ಕಾಲ, ಮಣ್ಣಿನ ಗುಣ, ರೈತನ ಅಗತ್ಯ ಇವುಗಳನ್ನು ಬೀಜವೊಂದೇ ಬದಲಿಸಲಾರದಷ್ಟೆ. ಅದೇ ಕಾಲದ ಪ್ರಯೋಗಗಳಿಂದ ಅಮೆರಿಕದ ತಳಿಯು ತಕ್ಕಮಟ್ಟಿಗೆ ಬೇರೂರಿದ್ದು ಧಾರವಾಡ ಪ್ರಾಂತದ ಕಪ್ಪುನೆಲದಲ್ಲಿ. ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದ ಆ ಹತ್ತಿ ಪ್ರಸಿದ್ಧವಾಯಿತು. ಕೊಯಮತ್ತೂರಿನ ಪ್ರಯೋಗವು 1853ರಲ್ಲಿ ನಿಂತುಹೋಯಿತು. ಸರಕಾರವು ಆತನಿಂದ ಬಯಸಿದ ಕೆಲಸ ಹೀಗೆ ಬಹುಮಟ್ಟಿಗೆ ವಿಫಲವಾಯಿತು. ಆತ ತನ್ನ ಬಿಡುವಿನಲ್ಲಿ ಮಾಡಿದ ಕೆಲಸ ಉಳಿಯಿತು.

ಆ ಬಿಡುವಿನ ಕೆಲಸದ ಒಂದು ಫಲ, ಕೊಯಮತ್ತೂರಿಗೆ ಸಮೀಪದಲ್ಲಿದ್ದ ನೀಲಗಿರಿಯನ್ನು ಕುರಿತ ‘ಸ್ಪಿಸಿಲೇಜಿಯಂ’. ಉದಕಮಂಡಲವು ಆ ವೇಳೆಗಾಗಲೇ ಯೂರೋಪಿಯನ್ನರ ವಿಹಾರಸ್ಥಳವಾಗಿತ್ತು. ಬೆಟ್ಟಕ್ಕೆ ಬಂದು, ಹೂಗಳನ್ನು ಕಂಡು, ಹೆಸರು ತಿಳಿಯಬಯಸುವ ಸಾಮಾನ್ಯ ಆಸಕ್ತರನ್ನು ಉದ್ದೇಶಿಸಿ ವೈಟ್ ಈ ಪುಸ್ತಕವನ್ನು ಸಿದ್ಧಪಡಿಸಿದ. ಸುಮಾರು ಇನ್ನೂರು ಬಣ್ಣದ ಫಲಕಗಳು, ಪ್ರತಿಯೊಂದಕ್ಕೂ ಚಿಕ್ಕ ವಿವರಣೆ, ಕುಟುಂಬದ ಪರಿಚಯ, ಅಲ್ಲಲ್ಲಿ ಉಪಯೋಗಗಳ ಪ್ರಸ್ತಾಪ. ಪಂಡಿತರ ಶಾಸ್ತ್ರವನ್ನು ದಾರಿಹೋಕನ ಕೈಗೆ ನಿಲುಕಿಸುವ ಪ್ರಯತ್ನವಿದು. ನಮ್ಮ ಪ್ರದೇಶದ ಅಪೂರ್ವ ಸಸ್ಯಗಳನ್ನು ಕುರಿತ ಕ್ಷೇತ್ರದರ್ಶಿ ಗ್ರಂಥಗಳಿಗೆ ಇದನ್ನು ಮೂಲಪುರುಷನೆಂದು ಕರೆಯಬಹುದು. ಮುಂದೆ 1915ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಫೈಸನ್ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಸಸ್ಯಗಳ ಬಗೆಗೆ ಬರೆದ ಗ್ರಂಥವೂ ಇದೇ ಹಾದಿಯದು.

ಈ ಪುಸ್ತಕಕ್ಕೆ ಇಂದು ಮತ್ತೊಂದು ಬಗೆಯ ಬೆಲೆ ಬಂದಿದೆ. ವೈಟ್ ಕಂಡ ನೀಲಗಿರಿಯ ಎತ್ತರದ ಭಾಗವು ಹುಲ್ಲುಗಾವಲು ಮತ್ತು ಅದರ ತಗ್ಗುಗಳಲ್ಲಿ ಅಡಗಿದ ಶೋಲಾ ಕಾಡುಗಳ ನಾಡು. ಆನಂತರ ಆ ಹುಲ್ಲುಗಾವಲಿನ ಬಹುಭಾಗವನ್ನು ಯೂಕಲಿಪ್ಟಸ್, ಅಕೇಷಿಯಾ ಮರಗಳ ನೆಡುತೋಪುಗಳೂ ಚಹಾ ತೋಟಗಳೂ ಆವರಿಸಿದವು. ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವನ್ನೇ ನೀಲಿಯಾಗಿಸುವ ಕುರಿಂಜಿಯೂ ಅದರ ಬಂಧುಗಳೂ ಬೆಳೆಯುವುದು ಇಂಥ ಬೆಟ್ಟನೆಲದಲ್ಲಿಯೇ. ಕುರಿಂಜಿಯ ಕುಲಕ್ಕೆ ಸೇರಿದ ಹಲವು ಗಿಡಗಳನ್ನು ವೈಟ್ ತನ್ನ ಚಿತ್ರಸಂಪುಟಗಳಲ್ಲಿ ದಾಖಲಿಸಿದ್ದಾನೆ. 2006ರಲ್ಲಿಯೂ 2018ರಲ್ಲಿಯೂ ಮುನ್ನಾರಿನ ಬೆಟ್ಟಗಳಲ್ಲಿ ಅದು ಅರಳಿದಾಗ ಜನ ಗುಂಪುಗುಂಪಾಗಿ ಹೋಗಿ ನೋಡಿದರು. ಅದು ಅರಳಲು ಬೇಕಾದ ನೆಲ ಎಷ್ಟು ಉಳಿದಿದೆ ಎಂಬುದು ಬೇರೆಯೇ ಪ್ರಶ್ನೆ. ಹಳೆಯ ಫಲಕವೊಂದರ ಪಕ್ಕದ ಸೀಸದ ಗುರುತು, ಇಂಥ ತಿಂಗಳಲ್ಲಿ ಇಂಥ ಊರಿನಲ್ಲಿ ಈ ಗಿಡವಿತ್ತು ಎಂದು ಹೇಳುವಾಗ, ಅದೊಂದು ಶಾಸನದಷ್ಟೇ ಬೆಲೆಯುಳ್ಳ ಸಾಕ್ಷ್ಯವಾಗುತ್ತದೆ.

ಇನ್ನು ಈ ಫಲಕಗಳನ್ನು ಬರೆದ ಕೈಗಳ ವಿಚಾರ. ವೈಟ್‌ನ ಗ್ರಂಥಗಳ ಚಿತ್ರಗಳ ಕೆಳ ಅಂಚಿನಲ್ಲಿ ಅತಿ ಸಣ್ಣ ಅಕ್ಷರಗಳಲ್ಲಿ ಎರಡು ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು ರಂಗಯ್ಯ, ಇನ್ನೊಂದು ಗೋವಿಂದು. ರಂಗಯ್ಯ 1820ರ ದಶಕದಿಂದ 1845ರ ಸುಮಾರಿನವರೆಗೆ ವೈಟ್‌ನ ಬಳಿ ದುಡಿದ. ಆನಂತರ ಗೋವಿಂದು ಆ ಸ್ಥಾನಕ್ಕೆ ಬಂದು ಕಡೆಯವರೆಗೆ ಇದ್ದ. ಇವರು ತೆಲುಗು ಹಿನ್ನೆಲೆಯವರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇವರ ಬದುಕಿನ ಬಗೆಗೆ ದಾಖಲೆಗಳಲ್ಲಿ ಸಿಗುವ ವಿವರ ಬಹಳ ಅಲ್ಪ. ಸಿಕ್ಕುವುದು ಇವರ ಕೆಲಸ. ಗಿಡದ ಒಟ್ಟು ನಿಲುವನ್ನು ಬರೆಯುವುದು ಒಂದು ವಿದ್ಯೆ. ಹೂವನ್ನು ಬಿಡಿಸಿ, ಅಂಡಾಶಯವನ್ನು ಅಡ್ಡಲಾಗಿ ಕೊಯ್ದು, ಭೂತಗನ್ನಡಿಯಲ್ಲಿ ಕಂಡ ಅಂಗಾಂಗಗಳನ್ನು ಅಳತೆ ತಪ್ಪದೆ ಹಿಗ್ಗಿಸಿ ಬರೆಯುವುದು ಮತ್ತೊಂದು ವಿದ್ಯೆ. ಶಾಸ್ತ್ರಜ್ಞನು ಲಕ್ಷಣವನ್ನು ನಿರ್ಣಯಿಸುವುದು ಈ ಎರಡನೆಯದರ ಬಲದಿಂದ. ಪರಂಪರಾಗತ ಚಿತ್ರಕಲೆಯ ಅಭ್ಯಾಸವಿದ್ದ ಕೈಗಳು ಹೊಸ ಶಾಸ್ತ್ರದ ಕಣ್ಣನ್ನೂ ಕಲಿತುಕೊಂಡದ್ದು ಸಾಮಾನ್ಯ ಸಾಧನೆಯಲ್ಲ. ಎರಡು ಸಾವಿರಕ್ಕೂ ಮಿಕ್ಕ ಫಲಕಗಳ ನಿಖರತೆಯ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಇವರಿಗೆ ಸಲ್ಲಬೇಕು.

ವೈಟ್‌ಗೆ ಇದರ ಅರಿವಿತ್ತು. ಆ ಕಾಲದ ಹಲವು ಸಸ್ಯಚಿತ್ರಗಳು ಚಿತ್ರಕಾರನ ಹೆಸರೇ ಇಲ್ಲದೆ ಉಳಿದಿರುವಾಗ ಈತ ಫಲಕಗಳ ಮೇಲೆ ಅವರ ಹೆಸರನ್ನು ಮುದ್ರಿಸಿದ. ಅಷ್ಟಕ್ಕೇ ನಿಲ್ಲದೆ, 1853ರಲ್ಲಿ ‘ಐಕೊನೆಸ್’ನ ಕೊನೆಯ ಸಂಪುಟದಲ್ಲಿ ಒಂದು ಸೀತಾಳೆಜಾತಿಯ ನೆಲಗಿಡವನ್ನು ಹೊಸ ಕುಲವೆಂದು ಭಾವಿಸಿ ಅದಕ್ಕೆ ಗೋವಿಂದೂಯಿಯಾ ಎಂದು ಹೆಸರಿಟ್ಟ. ಹೂವಿನ ಅಂಗಗಳನ್ನು ಬಿಡಿಸಿ ತೋರಿಸುವ ಕೌಶಲದಲ್ಲಿ ಗೋವಿಂದುವಿಗೆ ಅವನ ನಾಡಿನವರಲ್ಲಿ ಸಮಾನರಿಲ್ಲವೆಂಬ ಅಭಿಪ್ರಾಯವನ್ನೂ ಅಲ್ಲಿ ದಾಖಲಿಸಿದ. ಕಂಪನಿಯ ಅಧಿಕಾರಿಯೊಬ್ಬ ತನ್ನ ಸಂಬಳದ ಚಿತ್ರಕಾರನಿಗೆ ಇಂಥ ಗೌರವ ಸಲ್ಲಿಸಿದ್ದು ಗಮನಾರ್ಹವಾದ ಸಂಗತಿ.

ಆದರೆ ಆ ಹೆಸರು ನಿಲ್ಲಲಿಲ್ಲ. ಆ ಗಿಡವು ಟ್ರೊಪಿಡಿಯಾ ಎಂಬ, ಮೊದಲೇ ಹೆಸರು ಪಡೆದಿದ್ದ ಕುಲಕ್ಕೆ ಸೇರಿದ್ದೆಂದು ಮುಂದಿನ ವಿದ್ವಾಂಸರು ನಿರ್ಣಯಿಸಿದರು. ಸಸ್ಯನಾಮಕರಣದಲ್ಲಿ ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ. ಈ ನಿಯಮದಂತೆ ಗೋವಿಂದೂಯಿಯಾ ಪರ್ಯಾಯನಾಮಗಳ ಪಟ್ಟಿಗೆ ಸರಿದುಹೋಯಿತು. ವೈಟ್‌ನ ಹೆಸರನ್ನು ಹೊತ್ತ ಗಿಡಗಳು ಇಂದಿಗೂ ಹಲವಾರಿವೆ. ಗೋವಿಂದುವಿನ ಹೆಸರಿನ ಕುಲ ಮಾತ್ರ ಬಳಕೆಯಲ್ಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ; ನಿಯಮವು ತನ್ನ ಕೆಲಸ ಮಾಡಿತು. ಆದರೆ ನಿಯಮವು ಅಳಿಸಿದ್ದನ್ನು ಚರಿತ್ರೆಯು ನೆನಪಿಡಬೇಕಾಗುತ್ತದೆ. ಸುಮಾರು ಒಂದೂವರೆ ಶತಮಾನದ ನಂತರ, 2007ರಲ್ಲಿ, ಎಡಿನ್‌ಬರೊ ಸಸ್ಯೋದ್ಯಾನದ ಹೆನ್ರಿ ನೋಲ್ಟಿ ಅವರು ವೈಟ್‌ನ ಜೀವನ ಮತ್ತು ಕಾರ್ಯವನ್ನು ಕುರಿತು ಮೂರು ಸಂಪುಟಗಳನ್ನು ಪ್ರಕಟಿಸಿ, ಆ ಉದ್ಯಾನದ ಸಂಗ್ರಹದಲ್ಲಿದ್ದ ರಂಗಯ್ಯ ಹಾಗೂ ಗೋವಿಂದುವಿನ ಮೂಲಚಿತ್ರಗಳನ್ನು ಮತ್ತೆ ಬೆಳಕಿಗೆ ತಂದರು.

1853ರಲ್ಲಿ, ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ, ವೈಟ್ ನಿವೃತ್ತನಾಗಿ ಇಂಗ್ಲೆಂಡಿಗೆ ಹೊರಟ. ರೆಡಿಂಗ್ ಪಟ್ಟಣದ ಸಮೀಪದ ಗ್ರೇಜ್ಲಿ ಎಂಬಲ್ಲಿ ಜಮೀನು ಮಾಡಿಕೊಂಡು ವ್ಯವಸಾಯದಲ್ಲಿ ತೊಡಗಿದ. 1855ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಆದರೆ ಆರೋಗ್ಯ ಕೆಟ್ಟಿತ್ತು. ಸಸ್ಯಶಾಸ್ತ್ರದ ಬರವಣಿಗೆ ಬಹುಮಟ್ಟಿಗೆ ನಿಂತಿತು. ಮದರಾಸಿನ ಸೆಕೆಯಲ್ಲಿ, ಸರಕಾರಿ ಕೆಲಸದ ನಡುವೆ, ಕಲ್ಲಚ್ಚಿನ ತೊಡಕುಗಳ ನಡುವೆ ನಡೆದ ಕೆಲಸವು ಇಂಗ್ಲೆಂಡಿನ ಬಿಡುವಿನಲ್ಲಿ ಮುಂದುವರಿಯಲಿಲ್ಲ. ಗಿಡಗಳೂ ಸಂಗ್ರಾಹಕರೂ ಚಿತ್ರಕಾರರೂ ಇದ್ದದ್ದು ಇಲ್ಲಿ. ಅವರನ್ನು ಬಿಟ್ಟು ಆತನ ಗ್ರಂಥಗಳು ಹುಟ್ಟುವಂತಿರಲಿಲ್ಲವೆಂದು ಇದರಿಂದ ಊಹಿಸಿದರೆ ತಪ್ಪಾಗಲಾರದು. 1871ರಲ್ಲಿ ತನ್ನ ಒಣಸಸ್ಯಗಳ ಸಂಗ್ರಹವನ್ನು ಕ್ಯೂ ಸಸ್ಯೋದ್ಯಾನಕ್ಕೆ ಒಪ್ಪಿಸಿದ. 1872ರ ಮೇ 26ರಂದು, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಗ್ರೇಜ್ಲಿಯಲ್ಲಿ ನಿಧನನಾದ. ಆತನ ಹಿರಿಯ ಮಿತ್ರ ವಿಲಿಯಂ ಹೂಕರ್‌ನ ಮಗ ಜೋಸೆಫ್ ಹೂಕರ್‌ನ ನೇತೃತ್ವದಲ್ಲಿ ಬ್ರಿಟಿಷ್ ಇಂಡಿಯಾದ ಸಮಗ್ರ ಸಸ್ಯಗ್ರಂಥದ ಮೊದಲ ಭಾಗ ಹೊರಬಂದದ್ದು ಅದೇ 1872ರಲ್ಲಿ. 1834ರಲ್ಲಿ ಮುಂಚೂಣಿಯ ದೂತನನ್ನು ಕಳುಹಿಸಿದವನ ಕಣ್ಣು ಮುಚ್ಚಿದ ವರ್ಷವೇ ಮೂಲ ಮೆರವಣಿಗೆ ಹೊರಟಿತು.

ಇಂಥ ಜೀವನವನ್ನು ಕನ್ನಡ ಅಧ್ಯಯನದ ಸಂಪುಟದಲ್ಲಿ ಸ್ಮರಿಸುವ ಔಚಿತ್ಯವೇನೆಂದು ಕೇಳಬಹುದು. ನಮ್ಮ ನಿಘಂಟುಗಳನ್ನು ತೆರೆದು ನೋಡಿದರೆ ಉತ್ತರ ದೊರೆಯುತ್ತದೆ. 1894ರ ಕಿಟ್ಟೆಲ್ ಕೋಶದಲ್ಲಿ ಗಿಡಮರಗಳ ಹೆಸರುಗಳೊಡನೆ ಲ್ಯಾಟಿನ್ ನಾಮಗಳನ್ನೂ ಕೊಟ್ಟಿದೆ. ಒಂದು ಮರದ ಹೆಸರು ಸೀಮೆಯಿಂದ ಸೀಮೆಗೆ ಬದಲಾಗುವಾಗ, ಅಥವಾ ಒಂದೇ ಹೆಸರು ಎರಡು ಮರಗಳಿಗೆ ಸಲ್ಲುವಾಗ, ಅರ್ಥನಿರ್ಣಯಕ್ಕೆ ಈ ನಾಮವೇ ಆಧಾರ. ಹಳಗನ್ನಡ ಕಾವ್ಯಗಳ ವನವರ್ಣನೆಗಳನ್ನು ಪಾಠ ಹೇಳುವ ಅಧ್ಯಾಪಕರಿಗೆ ಇದರ ಪ್ರಯೋಜನ ದಿನವೂ ಅನುಭವಕ್ಕೆ ಬರುವಂಥದು. ಹೀಗೆ ವೈಟ್ ಮತ್ತು ಆತನ ಸಮಾನಧರ್ಮಿಗಳ ಕೆಲಸವು ನಮಗೆ ಅರಿವಿಲ್ಲದೆಯೇ ನಮ್ಮ ಅರ್ಥಕೋಶದೊಳಗೆ ಸೇರಿಹೋಗಿದೆ.

ಮದರಾಸಿನ ಕನ್ನಡಿಗರಿಗೆ ಮತ್ತೊಂದು ಹೆಮ್ಮೆಯ ಕಾರಣವಿದೆ. ಇದೇ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ ಅವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಗ್ರಂಥದಲ್ಲಿ ಕನ್ನಡಕ್ಕೆ ತಂದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವೈಟ್ ಇಂಗ್ಲಿಷಿನಲ್ಲಿ ದಾರಿಹೋಕನಿಗಾಗಿ ಮಾಡಿದ್ದನ್ನು ಸ್ವಾಮಿಯವರು ತಮ್ಮದೇ ರೀತಿಯಲ್ಲಿ, ವಿನೋದವನ್ನೂ ಬೆರೆಸಿ, ಕನ್ನಡದ ಓದುಗನಿಗಾಗಿ ಮಾಡಿದರು. ಆ ಹಾದಿಯಲ್ಲಿ ಮುಂದುವರಿದವರು ಕಡಮೆ.

ನೀಲಗಿರಿಯ ಬಡಗರು ಆಡುವ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. ಅದು ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಆ ಹಟ್ಟಿಗಳ ಹಿರಿಯರು ತಮ್ಮ ಸುತ್ತಲಿನ ಗಿಡಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಕೇಳಿ, ವೈಟ್‌ನ ಫಲಕಗಳನ್ನು ಮುಂದಿಟ್ಟು, ಒಂದೊಂದಾಗಿ ಬರೆದಿಡುವ ಕೆಲಸವು ಯಾವುದೇ ಸಂಶೋಧನ ವಿದ್ಯಾರ್ಥಿಗೆ ಯೋಗ್ಯವಾದ ವಿಷಯ. ಇದಕ್ಕೆ ಭಾಷಾಶಾಸ್ತ್ರದ ಶಿಸ್ತೂ ಬೆಟ್ಟ ಹತ್ತುವ ಕಾಲೂ ಬೇಕು. ಹುಲ್ಲುಗಾವಲಿನಂತೆ ಹೆಸರುಗಳೂ ಕುಗ್ಗುತ್ತಿವೆ. ಹಿರಿಯರ ಕಾಲ ಮುಗಿದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ವೈಟ್ ಗಿಡಗಳನ್ನು ಆಯ್ದ. ರಂಗಯ್ಯ, ಗೋವಿಂದು ಅವುಗಳ ರೂಪವನ್ನು ಹಿಡಿದಿಟ್ಟರು. ಹೊಲದಲ್ಲಿ ಇನ್ನೂ ಉಳಿದಿರುವುದು ಈ ನಾಡಿನ ಜನ ಅವುಗಳಿಗೆ ಕೊಟ್ಟ ಹೆಸರುಗಳು. ಆ ಹಕ್ಕಲನ್ನು ಆಯುವ ಸರದಿ ನಮ್ಮದು.